ಪ್ರೊಡಕ್ಷನ್ ಶೆಡ್ಯೂಲಿಂಗ್‌ನಲ್ಲಿ ಪಿಎಚ್.ಡಿ. ಮಾಡಲು ಯಾವ ಅಲ್ಗಾರಿದಮ್ ಆರಿಸಿಕೊಳ್ಳಬೇಕು?

ಕಾರ್ಖಾನೆಯಲ್ಲಿ ಯಾವ ಕೆಲಸ ಯಾವ ಯಂತ್ರದ ಮೇಲೆ ಯಾವಾಗ ನಡೆಯಬೇಕೆಂದು ನಿರ್ಧರಿಸುವುದು ಪ್ರೊಡಕ್ಷನ್ ಶೆಡ್ಯೂಲಿಂಗ್. ಅದಕ್ಕೆ ಒಳ್ಳೆಯ ಉತ್ತರ ಹುಡುಕುವ ಕಂಪ್ಯೂಟರ್ ವಿಧಾನಗಳಾದ ಜೆನೆಟಿಕ್ ಅಲ್ಗಾರಿದಮ್, ಪಾರ್ಟಿಕಲ್ ಸ್ವಾರ್ಮ್, ಡೀಪ್ ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್, ಈ ಮೂರರಲ್ಲಿ ಯಾವುದನ್ನು ಹಿಡಿಯಲಿ, ಕಾರ್ಖಾನೆಯವರು ದತ್ತಾಂಶ ಕೊಡದಿದ್ದರೆ ಸಂಶೋಧಕರು ಹೋಲಿಕೆಗೆ ಬಳಸುವ ಸಿದ್ಧ ಬೆಂಚ್‌ಮಾರ್ಕ್ ಲೆಕ್ಕಗಳಷ್ಟೇ ಸಾಕೇ ಎಂದು ಕೇಳಿದ್ದೀರಿ. ನಾನೂ ಎಂ.ಟೆಕ್. ಮುಗಿಸಿ ಇದೇ ಪ್ರಶ್ನೆಯೊಂದಿಗೆ ಸಂಶೋಧನೆಗೆ ಸೇರಿದವನು, ಜೆನೆಟಿಕ್ ಅಲ್ಗಾರಿದಮ್ ಆರಿಸಿಕೊಂಡವನು. ಆ ಆಯ್ಕೆಯಿಂದ ನನಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ನಷ್ಟವಾದದ್ದು ಬೇರೆ ಕಡೆಯಿಂದ, ನಿಮ್ಮ ಪ್ರಶ್ನೆಯಲ್ಲಿ ಹೆಸರೇ ಇಲ್ಲದ ಕಡೆಯಿಂದ.

ನಾನು ಕೆಲಸ ಮಾಡಿದ್ದು ಬೆಂಗಳೂರಿನ ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ. ಫೋರ್ಜಿಂಗ್ ಬ್ಲ್ಯಾಂಕ್ ಹೊರಗಿನಿಂದ ಬರುತ್ತಿತ್ತು. ಸಿಎನ್‌ಸಿ ಲೇತ್‌ನಲ್ಲಿ ಟರ್ನಿಂಗ್, ಆಮೇಲೆ ರಂಧ್ರದೊಳಗೆ ಆಕಾರ ಕೊರೆಯುವ ಬ್ರೋಚಿಂಗ್, ಗೇರಿನ ಹಲ್ಲು ಕೊರೆಯುವ ಹಾಬಿಂಗ್. ಅಲ್ಲಿಗೆ ಅವರು ಸಾಫ್ಟ್ ಸ್ಟೇಜ್ ಎನ್ನುವ ಹಂತ ಮುಗಿಯುತ್ತಿತ್ತು. ಮಾಲು, ಹೊರಗಿನವರಿಂದ ಕೆಲಸ ಮಾಡಿಸಲು ಕಳಿಸುವಾಗ ಬರೆಯುವ ಜಾಬ್ ವರ್ಕ್ ಚಲನ್ ಮೇಲೆ, ಹತ್ತಿರದ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಹೋಗಿ, ಮೇಲ್ಪದರವನ್ನು ಗಟ್ಟಿಗೊಳಿಸುವ ಕೇಸ್ ಹಾರ್ಡನಿಂಗ್ ಆಗಿ ಮರಳಿದ ಮೇಲೆ ಬೋರ್ ಗ್ರೈಂಡಿಂಗ್, ತಪಾಸಣೆ, ರವಾನೆ. ಪ್ರತಿ ಐಟಂಗೂ ರೂಟ್ ಕಾರ್ಡ್ ಇತ್ತು, ಅದರಲ್ಲಿ ಪ್ರತಿ ಆಪರೇಷನ್‌ನ ಮುಂದೆ ಸೆಟ್ಟಿಂಗ್ ಸಮಯ ಮತ್ತು ತುಂಡಿಗೆ ತಗಲುವ ಸಮಯ ಬರೆದಿತ್ತು. ಸಂಶೋಧಕನಿಗೆ ಇದಕ್ಕಿಂತ ಅಚ್ಚುಕಟ್ಟಾದ ದತ್ತಾಂಶ ಬೇಕಿಲ್ಲವೆಂದುಕೊಂಡು ಕಾರ್ಡುಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಂಡೆ. ಹೀಟ್ ಟ್ರೀಟ್‌ಮೆಂಟ್‌ನ ಸಾಲಿನಲ್ಲಿ ಎಲ್ಲ ಕಾರ್ಡುಗಳಲ್ಲೂ ಒಂದೇ ಮಾತಿತ್ತು: ಎರಡು ದಿನ.

ನನ್ನ ತಪ್ಪು ಆ ಎರಡು ದಿನವನ್ನು ನಂಬಿದ್ದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮೇಲ್ನೋಟಕ್ಕೆ ಇದು ಒಂದು ಸಂಖ್ಯೆಯ ತಪ್ಪಿನಂತೆ ಕಾಣುತ್ತದೆ. ನಾನೂ ಮೊದಲು ಹಾಗೆಯೇ ತಿಳಿದು, ಎರಡರ ಬದಲು ಮೂರೂವರೆ ಎಂದು ಹಾಕಿ ಮತ್ತೆ ಓಡಿಸಿ ನೋಡಿದೆ. ಸಂಖ್ಯೆಯನ್ನು ಬದಲಿಸಿದರೆ ಸರಿಹೋಗುವ ತಪ್ಪು ಅದಾಗಿರಲಿಲ್ಲ.

ನನ್ನ ಮಾದರಿಯಲ್ಲಿ ಹೀಟ್ ಟ್ರೀಟ್‌ಮೆಂಟ್ ಎಂಬುದು ಸಾಮರ್ಥ್ಯಕ್ಕೆ ಮಿತಿಯೇ ಇಲ್ಲದ ಒಂದು ಯಂತ್ರ: ಯಾವ ಲಾಟ್, ಅಂದರೆ ಒಟ್ಟಿಗೆ ಸಾಗುವ ತುಂಡುಗಳ ಗುಂಪು, ಯಾವಾಗ ಹೋದರೂ ಎರಡು ದಿನಕ್ಕೆ ಮರಳಿ ಬರುತ್ತದೆ. ವಾಸ್ತವದಲ್ಲಿ ಅದು ಒಂದು ಸೀಲ್ಡ್ ಕ್ವೆಂಚ್ ಫರ್ನೇಸ್, ಅಂದರೆ ಮುಚ್ಚಿದ ಕುಲುಮೆ. ಸೀಟು ತುಂಬಿದ ಮೇಲೆಯೇ ಹೊರಡುವ ಟೆಂಪೊದಂತೆ ಅದು ಚಾರ್ಜ್, ಅಂದರೆ ಒಂದು ಸಲಕ್ಕೆ ಒಳಗೆ ಹಾಕುವ ಮಾಲು, ತುಂಬಿದ ಮೇಲೆಯೇ ನಡೆಯುತ್ತದೆ. ಅರ್ಧ ತುಂಬಿದ ಫರ್ನೇಸನ್ನು ಓಡಿಸಿದರೆ ಗ್ಯಾಸ್ ಮತ್ತು ವಿದ್ಯುತ್ತಿನ ಖರ್ಚು ಹುಟ್ಟುವುದಿಲ್ಲ. ಅದರ ಮೇಲೆ, ಎಲ್ಲ ಮಾಲನ್ನೂ ಒಟ್ಟಿಗೆ ಹಾಕಲು ಬರುವುದಿಲ್ಲ. ಉಕ್ಕಿನೊಳಗೆ ಇಂಗಾಲ ಇಳಿಯುವ ಆಳ, ಅಂದರೆ ಕೇಸ್ ಡೆಪ್ತ್, ಸಮಯದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದೇ ತಾಪಮಾನದಲ್ಲಿ 0.5 ಮಿ.ಮೀ. ಆಳಕ್ಕೆ ಬೇಕಾದ ಸಮಯಕ್ಕೆ ಹೋಲಿಸಿದರೆ 1 ಮಿ.ಮೀ. ಆಳಕ್ಕೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಸಮಯ ಬೇಕು. ಹೀಗಾಗಿ ತೆಳು ಕೇಸ್‌ನ ಸಣ್ಣ ಗೇರನ್ನೂ ದಪ್ಪ ಕೇಸ್‌ನ ದೊಡ್ಡ ಗೇರನ್ನೂ ಒಂದೇ ಚಾರ್ಜ್‌ನಲ್ಲಿ ಹಾಕಿದರೆ ಎರಡರಲ್ಲೊಂದು ಕೆಡುವುದು ಖಚಿತ. ಒಂದೇ ಬಗೆಯ ಉಕ್ಕು, ಒಂದೇ ಕೇಸ್ ಡೆಪ್ತ್ ಇರುವ ಮಾಲು ಸಾಕಷ್ಟು ಕೂಡುವವರೆಗೆ ಉಳಿದದ್ದು ನೆಲದ ಮೇಲೆ ಕಾಯುತ್ತದೆ. ಆ ಘಟಕಕ್ಕೆ ಮಾಲು ಕಳಿಸುವ ಕಾರ್ಖಾನೆ ನಮ್ಮದೊಂದೇ ಅಲ್ಲವಾದ್ದರಿಂದ, ತಿಂಗಳ ಕೊನೆಯ ವಾರದಲ್ಲಿ ಎಲ್ಲರೂ ರವಾನೆಯ ಗುರಿ ಮುಟ್ಟಲು ಒಟ್ಟಿಗೆ ತಂದು ಸುರಿಯುತ್ತಿದ್ದರು.

ಈಗ ನನ್ನ ಅಲ್ಗಾರಿದಮ್ ಏನು ಮಾಡಿತೆಂದು ನೋಡಿ. ಅದರ ಗುರಿ ಮೇಕ್‌ಸ್ಪ್ಯಾನ್ ಕಡಿಮೆ ಮಾಡುವುದು, ಅಂದರೆ ಕೊನೆಯ ಕೆಲಸ ಆದಷ್ಟು ಬೇಗ ಮುಗಿಯುವಂತೆ ಮಾಡುವುದು. ಹೊರಗಿನ ಎರಡು ದಿನ ಯಾರಿಗಾಗಿಯೂ ಕಾಯದ ಎರಡು ದಿನವಾಗಿದ್ದರಿಂದ, ಮಾದರಿಯ ದೃಷ್ಟಿಯಲ್ಲಿ ಪ್ರತಿ ಲಾಟನ್ನೂ ಹಾಬಿಂಗ್ ಮುಗಿದ ಕ್ಷಣವೇ ಹೊರಗೆ ಕಳಿಸುವುದು ಲಾಭ. ಅದು ಲಾಟುಗಳನ್ನು ಒಡೆಯಿತು, ಚಿಕ್ಕದಾಗಿಸಿತು, ಬೇರೆ ಬೇರೆ ಕೇಸ್ ಡೆಪ್ತ್‌ನ ಐಟಂಗಳನ್ನು ಒಂದರ ಹಿಂದೆ ಒಂದು ಹೆಣೆಯಿತು. ಯಾವ ಯಂತ್ರ ಯಾವಾಗ ಏನು ಮಾಡುತ್ತದೆಂದು ತೋರಿಸುವ ಗ್ಯಾಂಟ್ ಚಾರ್ಟ್ ಪರದೆಯ ಮೇಲೆ ಅಷ್ಟು ದಟ್ಟವಾಗಿ ತುಂಬಿದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಆದರೆ ಶಾಪ್‌ನ ಹಿರಿಯ ಸೂಪರ್‌ವೈಸರ್ ವರ್ಷಗಳಿಂದ ಮಾಡುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಅವರು ಹಾಬಿಂಗ್ ಮುಗಿದ ಮಾಲನ್ನು ಒಂದೊಂದು ದಿನ ತಡೆದು, ಒಂದೇ ಕೇಸ್ ಡೆಪ್ತ್‌ನ ಇನ್ನೊಂದು ಲಾಟ್ ಮುಗಿಯುವವರೆಗೆ ಇಟ್ಟುಕೊಂಡು, ಒಂದು ಚಾರ್ಜ್‌ಗೆ ಆಗುವಷ್ಟನ್ನು ಒಟ್ಟಿಗೆ ಗಾಡಿಗೆ ಹಾಕಿಸುತ್ತಿದ್ದರು. ಫರ್ನೇಸ್ ಬಳಿ ಹೋದ ಕೂಡಲೇ ಆ ಮಾಲು ಒಳಗೆ ಹೋಗುತ್ತಿತ್ತು. ಅವರು ತಡೆದಿಟ್ಟ ಆ ದಿನವನ್ನು ನಾನು ನನ್ನ ವರದಿಯಲ್ಲಿ ನಿವಾರಿಸಬಹುದಾದ ವಿಳಂಬ ಎಂದು ಬರೆದಿದ್ದೆ. ರೂಟ್ ಕಾರ್ಡಿನ ಎರಡು ದಿನ ಎಂಬ ಮಾತು ನಿಜವಾಗಿದ್ದುದೇ ಅವರು ಹಾಗೆ ತಡೆದಿಡುತ್ತಿದ್ದ ಕಾರಣದಿಂದ. ಅವರ ಪದ್ಧತಿಯಿಂದ ಹುಟ್ಟಿದ ಸಂಖ್ಯೆಯನ್ನು ಎತ್ತಿಕೊಂಡು, ಅದೇ ಸಂಖ್ಯೆಯ ಬಲದಿಂದ ಆ ಪದ್ಧತಿಯನ್ನೇ ತೆಗೆದುಹಾಕಿದ್ದೆ.

ಮಾಲೀಕರು ಒಂದು ತಿಂಗಳ ಆರ್ಡರುಗಳಿಗೆ ನನ್ನ ಶೆಡ್ಯೂಲನ್ನು ಒಪ್ಪಿದರು, ಅದರ ಆಧಾರದ ಮೇಲೆಯೇ ಒಬ್ಬ ಗ್ರಾಹಕರಿಗೆ ದಿನಾಂಕ ಕೊಟ್ಟರು. ಮೊದಲ ವಾರ ಸಾಫ್ಟ್ ಸ್ಟೇಜ್ ಎಂದಿಗಿಂತ ಬೇಗ ಓಡಿತು. ಬಳಿಕ ಚಿಕ್ಕ ಚಿಕ್ಕ ಲಾಟುಗಳು ಹೊರಗೆ ನೆಲದ ಮೇಲೆ ನಿಂತವು. ಮೂರನೆಯ ವಾರದಲ್ಲಿ ಅವೆಲ್ಲ ಒಮ್ಮೆಗೇ ಮರಳಿ ಬಂದು ಬೋರ್ ಗ್ರೈಂಡಿಂಗ್ ಯಂತ್ರದ ಮುಂದೆ ಸಾಲುಗಟ್ಟಿದವು. ಗ್ರೈಂಡಿಂಗ್ ಮೊದಲೇ ಹೊರೆ ಹೆಚ್ಚಿದ್ದ ಜಾಗ. ಸರದಿ ಸಿದ್ಧಾಂತದಲ್ಲಿ 1961ರ ಕಿಂಗ್‌ಮನ್ ಸೂತ್ರ ಹೇಳುವುದು ಇದನ್ನೇ: ಕಾಯುವ ಸಮಯ ಯಂತ್ರದ ಹೊರೆಯೊಂದಿಗೆ ನೇರವಾಗಿ ಏರುವುದಿಲ್ಲ. ಹೊರೆ ಶೇ. 50 ಇದ್ದಾಗಿನ ಗುಣಕ 1, ಶೇ. 80 ಇದ್ದಾಗ 4, ಶೇ. 90ಕ್ಕೆ 9, ಶೇ. 95ಕ್ಕೆ 19. ಇದರ ಜೊತೆಗೆ ಮಾಲು ಬರುವ ಅಂತರದ ಏರುಪೇರು ಬೇರೆ ಗುಣಿಸಿಕೊಳ್ಳುತ್ತದೆ. ನಾನು ಆ ಏರುಪೇರನ್ನು ನನ್ನ ಕೈಯಾರೆ ಹೆಚ್ಚಿಸಿದ್ದೆ. ಕೊಟ್ಟ ದಿನಾಂಕ ತಪ್ಪಿತು, ಗ್ರಾಹಕರು ಆ ಐಟಂನ ಒಂದು ಭಾಗವನ್ನು ಬೇರೆ ಸರಬರಾಜುದಾರರಿಗೆ ಕೊಟ್ಟರು, ಮಾಲೀಕರು ಮರ್ಯಾದೆಯಿಂದಲೇ ನನ್ನನ್ನು ಇನ್ನು ಬರುವುದು ಬೇಡ ಎಂದರು. ನನ್ನ ಪ್ರಬಂಧದ ಎರಡು ಅಧ್ಯಾಯಗಳು ಅಲ್ಲಿಯ ದತ್ತಾಂಶದ ಮೇಲೆ ನಿಂತಿದ್ದವು. ಅವನ್ನು ಬಿಟ್ಟು ಬೇರೆ ಕಾರ್ಖಾನೆ ಹುಡುಕಿ ಮೊದಲಿನಿಂದ ಆರಂಭಿಸಬೇಕಾಯಿತು.

ಈ ತಪ್ಪನ್ನು ಮೊದಲೇ ಹಿಡಿಯಲು ದೊಡ್ಡ ಉಪಕರಣವೇನೂ ಬೇಕಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವನ್ನು ನೀವೂ ಓದಿರುತ್ತೀರಿ: ವ್ಯವಸ್ಥೆಯೊಳಗಿರುವ ಸರಾಸರಿ ಮಾಲು, ಅದು ಸಾಗುವ ವೇಗ ಮತ್ತು ಒಳಗೆ ಕಳೆಯುವ ಸರಾಸರಿ ಸಮಯಗಳ ಗುಣಲಬ್ಧಕ್ಕೆ ಸಮ. ಉದಾಹರಣೆಗೆ, ಹೊರಗೆ ಯಾವಾಗಲೂ ಸುಮಾರು 3,000 ತುಂಡು ಬಿದ್ದಿದ್ದು ದಿನಕ್ಕೆ 600 ಮರಳಿ ಬರುತ್ತಿದ್ದರೆ, ಕಾರ್ಡಿನಲ್ಲಿ ಏನೇ ಬರೆದಿರಲಿ, ಅಲ್ಲಿ ಕಳೆಯುವ ಸಮಯ ಐದು ದಿನ. ಪ್ರಯೋಗದ ಮೊದಲ ವಾರದಲ್ಲಿಯೇ ಚಲನ್ ಪುಸ್ತಕ ತೆಗೆದು ಈ ಭಾಗಾಕಾರ ಮಾಡಿದ್ದರೆ ಅಪಾಯ ಕಣ್ಣಿಗೆ ಬೀಳುತ್ತಿತ್ತು, ಶೆಡ್ಯೂಲನ್ನು ಅಲ್ಲಿಯೇ ನಿಲ್ಲಿಸಬಹುದಿತ್ತು.

ಆದ್ದರಿಂದ ಅಲ್ಗಾರಿದಮ್ ಆರಿಸುವ ನಿಮ್ಮ ಪ್ರಶ್ನೆಯನ್ನು ನಾನು ಪ್ರಶ್ನೆಯಾಗಿಯೇ ಒಪ್ಪುವುದಿಲ್ಲ. ಈ ಕ್ಷೇತ್ರದ ಗಣಿತದ ಮೇಲೆ ನನಗೆ ಅಪಾರ ಗೌರವವಿದೆ. 1954ರಲ್ಲಿ ಎಸ್.ಎಂ. ಜಾನ್ಸನ್, ಎಲ್ಲ ಕೆಲಸಗಳೂ ಒಂದೇ ಕ್ರಮದಲ್ಲಿ ಸಾಗುವ ಎರಡು ಯಂತ್ರಗಳ ಫ್ಲೋ ಶಾಪ್‌ಗೆ ಕೊಟ್ಟ ನಿಯಮ ಇಂದಿಗೂ ಸುಂದರವಾಗಿದೆ. ಮೂರು ಯಂತ್ರಗಳಾದ ಕೂಡಲೇ ಆ ಸಮಸ್ಯೆ ಎನ್‌ಪಿ-ಹಾರ್ಡ್, ಅಂದರೆ ದೊಡ್ಡದಾದಾಗ ಬೇಗ ಬಿಡಿಸುವ ಖಚಿತ ವಿಧಾನ ಯಾರಿಗೂ ತಿಳಿಯದ ಬಗೆಯದು, ಎಂದು 1976ರಲ್ಲಿ ಗ್ಯಾರಿ, ಡೇವಿಡ್ ಜಾನ್ಸನ್ ಮತ್ತು ಸೇಠಿ ತೋರಿಸಿದರು. 1963ರಲ್ಲಿ ಫಿಶರ್ ಮತ್ತು ಥಾಂಪ್ಸನ್ ಮುಂದಿಟ್ಟ, ಹತ್ತು ಕೆಲಸ ಹತ್ತು ಯಂತ್ರಗಳ ಜಾಬ್ ಶಾಪ್ (ಪ್ರತಿ ಕೆಲಸಕ್ಕೂ ಯಂತ್ರಗಳ ಕ್ರಮ ಬೇರೆ) ಲೆಕ್ಕದ ಅತ್ಯುತ್ತಮ ಉತ್ತರ 930 ಎಂಬುದನ್ನು ಕಾರ್ಲಿಯೆ ಮತ್ತು ಪಿನ್ಸನ್ 1989ರಲ್ಲಿ ಸಾಧಿಸುವವರೆಗೆ ಕಾಲು ಶತಮಾನ ಹಿಡಿಯಿತು. ಆದರೆ ಆ ಲೆಕ್ಕದಲ್ಲಿ ಪ್ರತಿ ಆಪರೇಷನ್‌ನ ಸಮಯ ಕೋಷ್ಟಕದಲ್ಲಿ ಅಚ್ಚಾಗಿ ಬಂದಿತ್ತು. ನಮ್ಮ ಶಾಪ್‌ಗಳಲ್ಲಿ ಉತ್ತರ ಹುಡುಕಬೇಕಾಗಿರುವುದೇ ಆ ಕೋಷ್ಟಕದಲ್ಲಿ ಏನಿರಬೇಕು ಎಂಬುದಕ್ಕೆ. ಕೆನೆತ್ ಮೆಕೇ ಮತ್ತು ಸಂಗಡಿಗರು ಜಾಬ್ ಶಾಪ್ ಸಿದ್ಧಾಂತದಲ್ಲಿ ಕಾರ್ಖಾನೆಗೆ ಪ್ರಸ್ತುತವಾದದ್ದು ಎಷ್ಟು ಎಂದು 1988ರಲ್ಲಿಯೇ ಕೇಳಿದ್ದರು. ಶೆಡ್ಯೂಲ್ ಮಾಡುವ ಮನುಷ್ಯ ದಿನವಿಡೀ ಏನು ಮಾಡುತ್ತಾನೆಂದು ಕೂತು ನೋಡಿದವರು ಅವರು. ಆ ಪ್ರಬಂಧವನ್ನು ನಾನು ಪೆಟ್ಟು ತಿಂದ ಮೇಲೆ ಓದಿದೆ. ನೀವು ಮೊದಲೇ ಓದಿ.

ಫರ್ನೇಸ್‌ನ ಸಮಸ್ಯೆಯೂ ಅನಾಥವಲ್ಲ. ಒಂದಕ್ಕೊಂದು ಹೊಂದದ ಕುಟುಂಬಗಳ ಕೆಲಸಗಳನ್ನು ಬ್ಯಾಚ್ ಆಗಿ ನಡೆಸುವ ಯಂತ್ರಗಳ ಮೇಲೆ 1990ರ ದಶಕದಿಂದ ಸಾಕಷ್ಟು ಸಂಶೋಧನೆ ನಡೆದಿದೆ, ಮುಖ್ಯವಾಗಿ ಸೆಮಿಕಂಡಕ್ಟರ್ ಕಾರ್ಖಾನೆಗಳ ಕಾರಣದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಮತಿರಾಜನ್ ಅವರು ಉಕ್ಕಿನ ಎರಕದ ಉದ್ಯಮದ ಹೀಟ್ ಟ್ರೀಟ್‌ಮೆಂಟ್ ಫರ್ನೇಸ್‌ಗಳ ಮೇಲೆಯೇ ಕೆಲಸ ಮಾಡಿದ್ದಾರೆ. ನನ್ನ ಕಾರ್ಖಾನೆಯ ಸಮಸ್ಯೆಗೆ ಹತ್ತಿರದ ಗ್ರಂಥ ನನ್ನದೇ ಊರಿನಲ್ಲಿತ್ತು. ನಾನು ಹುಡುಕುವಾಗ ಜೆನೆಟಿಕ್ ಅಲ್ಗಾರಿದಮ್ ಎಂದು ಟೈಪ್ ಮಾಡುತ್ತಿದ್ದೆನೇ ಹೊರತು ಫರ್ನೇಸ್ ಎಂದು ಟೈಪ್ ಮಾಡಲಿಲ್ಲ. ವಿಧಾನದ ಹೆಸರಿನಿಂದ ಹುಡುಕುವವರಿಗೆ ಆಗುವ ದೊಡ್ಡ ನಷ್ಟ ಇದು.

ದತ್ತಾಂಶ ಸಿಗುವುದಿಲ್ಲ ಎಂಬ ನಿಮ್ಮ ಮಾತನ್ನೂ ನಾನು ಒಪ್ಪಲಾರೆ. ನೀವು ಪ್ರೊಸೆಸಿಂಗ್ ಟೈಮ್ ಕೊಡಿ ಎಂದು ಕೇಳಿದರೆ ಸಿಗುವುದು ರೂಟ್ ಕಾರ್ಡ್. ಅದರ ಬದಲು ಜಾಬ್ ವರ್ಕ್ ಚಲನ್‌ಗಳನ್ನು ಕೇಳಿ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ (ಸಿಜಿಎಸ್‌ಟಿ) ಕಾಯ್ದೆಯ 143ನೆಯ ಸೆಕ್ಷನ್ ಪ್ರಕಾರ ಜಾಬ್ ವರ್ಕ್‌ಗೆ ತೆರಿಗೆಯಿಲ್ಲದೆ ಕಳಿಸಿದ ಸರಕು ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳಿ ಬರಬೇಕು, ಅದರ ಲೆಕ್ಕವನ್ನು ಐಟಿಸಿ-04 ನಮೂನೆಯಲ್ಲಿ ಸಲ್ಲಿಸಬೇಕು. ಆದ್ದರಿಂದ ಮಾಲು ಹೋದ ದಿನಾಂಕ, ಬಂದ ದಿನಾಂಕ, ತುಂಡುಗಳ ಸಂಖ್ಯೆ ಇವು ಚಿಕ್ಕ ಕಾರ್ಖಾನೆಯಲ್ಲಿಯೂ ಅಕೌಂಟ್ಸ್ ವಿಭಾಗದ ಫೈಲಿನಲ್ಲಿ ಸಿಗುತ್ತವೆ. ಎರಡನೆಯ ಕಾರ್ಖಾನೆಯಲ್ಲಿ ನಾನು ಅದರಿಂದಲೇ ಆರಂಭಿಸಿದೆ. ದರ ಮತ್ತು ಗ್ರಾಹಕರ ಹೆಸರನ್ನು ಮುಚ್ಚಿಕೊಟ್ಟರೆ ಸಾಕೆಂದು ಹೇಳಿದ ಮೇಲೆ ಅವರು ಹಿಂಜರಿಯಲಿಲ್ಲ. ಪ್ರತಿ ಸಾಲಿಗೂ ಡ್ರಾಯಿಂಗ್ ನೋಡಿ ಕೇಸ್ ಡೆಪ್ತ್ ಸೇರಿಸಿಕೊಂಡೆ, ಆಮೇಲೆ ಹೀಟ್ ಟ್ರೀಟ್‌ಮೆಂಟ್ ಘಟಕದವರ ಬಳಿ ಹೋಗಿ ಚಾರ್ಜ್ ರಿಜಿಸ್ಟರ್ ನೋಡಿದೆ. ಸಪ್ಲೈ ಚೈನ್ ಎಂಬ ವಿಷಯವನ್ನು ನಾನು ಕಲಿತದ್ದು ಅಲ್ಲಿ ನಿಂತು, ಏಕೆಂದರೆ ನಮ್ಮ ಕಾರ್ಖಾನೆಗೆ ಆಕಸ್ಮಿಕವಾಗಿ ಕಾಣುತ್ತಿದ್ದ ವಿಳಂಬ ಅವರ ರಿಜಿಸ್ಟರಿನಲ್ಲಿ ಕಾರಣಸಮೇತ ಇತ್ತು. ಆರ್ಡರುಗಳನ್ನು ಗುಡ್ಡೆಹಾಕಿ ಕಳಿಸುವುದು ಸರಪಳಿಯ ಮೇಲ್ಭಾಗದಲ್ಲಿ ಏರಿಳಿತವನ್ನು ಹಿಗ್ಗಿಸುತ್ತದೆ ಎಂದು ಲೀ, ಪದ್ಮನಾಭನ್ ಮತ್ತು ವಾಂಗ್ 1997ರಲ್ಲಿ ಬರೆದದ್ದನ್ನು ಆ ರಿಜಿಸ್ಟರಿನ ತಿಂಗಳ ಕೊನೆಯ ಪುಟಗಳಲ್ಲಿ ಕಾಣಬಹುದಿತ್ತು.

ಇನ್ನು ಅಲ್ಗಾರಿದಮ್. ಇಷ್ಟು ಗಾತ್ರದ ಶಾಪ್‌ಗೆ ನಾನು ಕೊನೆಗೆ ಬಳಸಿದ್ದು ಗೂಗಲ್‌ನ ಓಆರ್-ಟೂಲ್ಸ್‌ನಲ್ಲಿರುವ ಸಿಪಿ-ಸ್ಯಾಟ್ ಸಾಲ್ವರ್, ಅಂದರೆ ನಿರ್ಬಂಧಗಳನ್ನು ಬರೆದುಕೊಟ್ಟರೆ ಅವಕ್ಕೆ ಹೊಂದುವ ಉತ್ತರ ಹುಡುಕುವ ಸಾಧನ; ಅದು ಉಚಿತ, ಮುಕ್ತ ತಂತ್ರಾಂಶ, ಬ್ಯಾಚ್ ಕುಟುಂಬಗಳ ನಿರ್ಬಂಧಗಳನ್ನು ಬರೆಯುವುದೂ ಕಷ್ಟವಲ್ಲ. ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಬೇಕೆಂದಿದ್ದರೆ ಅದು ಕಲಿಯುವುದು ನೀವು ಕಟ್ಟಿದ ಸಿಮ್ಯುಲೇಟರ್‌ನಿಂದ ಎಂಬುದನ್ನು ನೆನಪಿಡಿ. ಅದರೊಳಗೆ ಹೀಟ್ ಟ್ರೀಟ್‌ಮೆಂಟ್ ಎರಡು ದಿನ ಎಂದು ಬರೆದರೆ, ನನ್ನ ಜೆನೆಟಿಕ್ ಅಲ್ಗಾರಿದಮ್ ಮಾಡಿದ ಕೆಲಸವನ್ನೇ ಅದು ಇನ್ನಷ್ಟು ಚುರುಕಾಗಿ ಮಾಡುತ್ತದೆ. ತಾಯಾರ್ಡ್ 1993ರಲ್ಲಿ ಕೊಟ್ಟ ಬೆಂಚ್‌ಮಾರ್ಕ್‌ಗಳನ್ನು ನಿಮ್ಮ ಕೋಡ್‌ನಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಲು ಅಗತ್ಯವಾಗಿ ಬಳಸಿ, ಆದರೆ ಅದನ್ನು ಪ್ರಬಂಧದ ಮುಖ್ಯ ಅಧ್ಯಾಯ ಮಾಡಬೇಡಿ. ಮಾರ್ಗದರ್ಶಕರು ಒಪ್ಪದಿದ್ದರೆ ಚಲನ್‌ಗಳಿಂದ ತೆಗೆದ ಒಂದು ನಕ್ಷೆಯನ್ನು ಅವರ ಮುಂದಿಡಿ: ಅಡ್ಡಗೆರೆಯಲ್ಲಿ ಹೊರಗೆ ಕಳೆದ ದಿನಗಳು, ಲಂಬಗೆರೆಯಲ್ಲಿ ಲಾಟುಗಳ ಸಂಖ್ಯೆ, ಪ್ರತಿ ಕೇಸ್ ಡೆಪ್ತ್‌ಗೂ ಬೇರೆ ಬಣ್ಣ. ನನ್ನ ಮಾರ್ಗದರ್ಶಕರು ಹೊಸ ವಿಷಯಕ್ಕೆ ಒಪ್ಪಿಗೆ ಕೊಟ್ಟದ್ದು ಆ ನಕ್ಷೆಯನ್ನು ನೋಡಿದ ಮೇಲೆ.