‘ಟೋನ್’ ಎಂಬ ಪದದ ಅರ್ಥಗಳ ಕುರಿತು

ಗಿಟಾರ್ ಕಲಿಸುವವರು ‘ಟೋನ್ ಚೆನ್ನಾಗಿಲ್ಲ’ ಎಂದಾಗಲೂ, ಪುಸ್ತಕದಲ್ಲಿ ‘ಒಂದು ಟೋನ್ ಮೇಲೆ’ ಎಂದಿರುವಾಗಲೂ ಪದದ ಅರ್ಥ ಒಂದೇ ಆಗಿರುತ್ತದೆಯೇ ಎಂದು ತಾವು ಕೇಳಿದ್ದೀರಿ. ಇಲ್ಲ, ಎರಡೂ ಬೇರೆ ಬೇರೆ.

ಪುಸ್ತಕದಲ್ಲಿರುವುದು ಎರಡು ಸ್ವರಗಳ ನಡುವಿನ ಅಂತರದ ಅಳತೆ. ಒಂದು ಸ್ಥಾಯಿಯನ್ನು, ಅಂದರೆ ಒಂದು ಸ್ವರದಿಂದ ಮೇಲಿನ ಅದೇ ಸ್ವರದವರೆಗಿನ ಅಂತರವನ್ನು, 12 ಸಮಾನ ಸೆಮಿಟೋನ್‌ಗಳಾಗಿ ಭಾಗಿಸಿದಾಗ ಅವುಗಳಲ್ಲಿ ಎರಡು ಸೇರಿ ಒಂದು ಟೋನ್ ಆಗುತ್ತದೆ. ಗಿಟಾರಿನಲ್ಲಿ ಅದು ಎರಡು ಫ್ರೆಟ್‌ಗಳಷ್ಟು (ಕತ್ತಿನ ಮೇಲಿನ ಅಡ್ಡಪಟ್ಟಿಗಳು) ದೂರ. 440 ಹರ್ಟ್ಸ್‌ನ ಎ ಸ್ವರದಿಂದ ಒಂದು ಟೋನ್ ಏರಿದರೆ ಸುಮಾರು 494 ಹರ್ಟ್ಸ್‌ನ ಬಿ ಸ್ವರ ದೊರೆಯುತ್ತದೆ. ತಮ್ಮ ಗುರುಗಳು ಹೇಳಿದ್ದಾದರೋ ನಾದದ ಗುಣವನ್ನು ಕುರಿತದ್ದು: ಸ್ವರಸ್ಥಾನ ಸರಿಯಾಗಿಯೇ ಇದ್ದರೂ ತಂತಿಯನ್ನು ಮೀಟುವ ಜಾಗ, ಬೆರಳಿನ ಒತ್ತಡ ಮತ್ತು ವಾದ್ಯದ ಮರ ಇವುಗಳಿಂದ ಧ್ವನಿ ಮೃದುವಾಗಿಯೋ ಕರ್ಕಶವಾಗಿಯೋ ಕೇಳಿಸಬಹುದು. ಇದಕ್ಕೆ ‘ನಾದಗುಣ’ ಎಂಬ ಪದವೇ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಇವಲ್ಲದೆ, ಅಮೆರಿಕದ ಬರಹಗಳಲ್ಲಿ ಟೋನ್ ಎಂದರೆ ಕೆಲವೊಮ್ಮೆ ಬರಿಯ ಸ್ವರವೆಂದೇ ಅರ್ಥ.

ಸಂಗೀತದ ಹೊರಗೆ ಮಾತಿನ ಧಾಟಿ, ಬಣ್ಣದ ಛಾಯೆ, ಸ್ನಾಯುಗಳ ಬಿಗಿತ ಇವೆಲ್ಲಕ್ಕೂ ಇದೇ ಪದ ಬಳಕೆಯಲ್ಲಿದೆ. ಸ್ನಾಯುವಿನ ಅರ್ಥ ವಿಚಿತ್ರವೆನಿಸಬಹುದು; ಆದರೆ ಮೂಲ ಗ್ರೀಕ್ ಪದ ‘ಟೋನೋಸ್’ ಎಂದರೆ ಎಳೆತ, ಬಿಗಿತ ಎಂದೇ. ಎಳೆದು ಕಟ್ಟಿದ ತಂತಿಯಿಂದಲೇ ನಾದವೂ ಹುಟ್ಟುತ್ತದಲ್ಲವೇ? ‘ಹಿಗ್ಗಿಸು’ ಎಂಬರ್ಥದ ಸಂಸ್ಕೃತದ ‘ತನ್’ ಧಾತುವೂ ಇದೇ ಕುಲಕ್ಕೆ ಸೇರಿದ್ದು, ನಮ್ಮ ತಂತಿ, ತಂತು, ತಾನ ಎಂಬ ಪದಗಳು ಅದರಿಂದಲೇ ಬಂದಿವೆ.