ಗೋಲು ನಿಂತರೆ ಫಾರ್ಮ್ ಹೋಯಿತು ಅಂತಲ್ಲ

ಹೊಸ ಫುಟ್‌ಬಾಲ್ ಕೋಚ್ ಫಾಲ್ಸ್ ನೈನ್ (ಗೋಲಿನ ಹತ್ತಿರ ನಿಲ್ಲದೆ ಮಧ್ಯ ಮೈದಾನದತ್ತ ಇಳಿದು ಆಡುವ ಸ್ಟ್ರೈಕರ್) ಮಾಡಿ ಕೆಳಗಿಳಿಸಿದ ಮೇಲೆ ಆರು ಪಂದ್ಯದಿಂದ ಗೋಲಿಲ್ಲ, ನಮ್ಮ ಸ್ಟ್ರೈಕರ್ ಕಥೆ ಮುಗಿಯಿತೇ ಅಂತ ಕೇಳಿದ್ದೀರಿ. ಅಷ್ಟು ಬೇಗ ಕೈಬಿಡಬೇಡಿ. ಪೆನಾಲ್ಟಿ ಬಾಕ್ಸ್ ಒಳಗಿಂದ ಮೊದಲಿನಷ್ಟೇ ಶಾಟ್ ಹೊಡೆದೂ ಗುರಿ ತಪ್ಪುತ್ತಿದ್ದರೆ ಅದು ಫಾರ್ಮ್. ಶಾಟ್ ಹೊಡೆಯುವ ಅವಕಾಶವೇ ಬರುತ್ತಿಲ್ಲ ಅಂದರೆ ಅದು ಪಾತ್ರದ ಸಮಸ್ಯೆ.

ಈ ಪಾತ್ರ ಒಬ್ಬನಿಂದ ನಡೆಯುವಂಥದ್ದಲ್ಲ. ಅವನು ಕೆಳಗಿಳಿದಾಗ ಎದುರಾಳಿ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಬೆನ್ನು ಹತ್ತಿ ಬಂದರೆ ಹಿಂದೆ ಜಾಗ ತೆರೆಯುತ್ತದೆ. ಅದೇ ಕ್ಷಣ ವಿಂಗರ್ (ಅಂಚಿನಲ್ಲಿ ಆಡುವ ದಾಳಿಗಾರ) ಅಲ್ಲಿಗೆ ನುಗ್ಗಬೇಕು. ವಿಂಗರ್‌ಗಳು ಗೆರೆಗೆ ಅಂಟಿಕೊಂಡು ಕಾಲಿಗೇ ಪಾಸ್ ಕೇಳುತ್ತಿದ್ದರೆ ಡಿಫೆಂಡರ್‌ಗೆ ಭಯವೇ ಇಲ್ಲ, ನೇರ ಬಂದು ಒತ್ತುತ್ತಾನೆ. 2020ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ ಸೌತಾಂಪ್ಟನ್ ಮೇಲೆ 5-2ರಿಂದ ಗೆದ್ದಾಗ ಸನ್ ಹ್ಯುಂಗ್-ಮಿನ್ ಹೊಡೆದ ನಾಲ್ಕೂ ಗೋಲಿಗೆ ಪಾಸ್ ಸ್ಟ್ರೈಕರ್ ಹ್ಯಾರಿ ಕೇನ್‌ದು. ಸನ್ ಓಡಿದ್ದಕ್ಕೇ ಆ ಪಾಸ್‌ಗಳಿಗೆ ಬೆಲೆ ಬಂತು. ಆ ಸೀಸನ್ ಪ್ರೀಮಿಯರ್ ಲೀಗ್‌ನಲ್ಲಿ ಕೇನ್ 23 ಗೋಲು, 14 ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್). ಎರಡರಲ್ಲೂ ಅವನೇ ಮೊದಲಿಗ.

ನಿಮ್ಮ ಸ್ಟ್ರೈಕರ್‌ದೇ ತಪ್ಪು ಇರಲೂಬಹುದು. ಚೆಂಡು ಬರುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆಯೇ? ಗೋಲಿಗೆ ಪೂರ್ತಿ ಬೆನ್ನು ಮಾಡಿ ನಿಂತರೆ ವಾಪಸ್ ಪಾಸ್ ಬಿಟ್ಟು ಬೇರೆ ದಾರಿಯಿಲ್ಲ. ಮೈ ಅರ್ಧ ತಿರುಗಿಸಿ ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡರೆ ಮೊದಲ ಸ್ಪರ್ಶಕ್ಕೇ ಮೈದಾನ ಎದುರಿಗೆ ಬರುತ್ತದೆ. ಇನ್ನು, ಪಾಸ್ ಕೊಟ್ಟು ನಿಂತು ನೋಡುವ ಚಾಳಿ ಗೋಲನ್ನೇ ತಿನ್ನುತ್ತದೆ. ಕ್ರಾಸ್ ಬರುವ ಹೊತ್ತಿಗೆ ಅವನು ಪೆನಾಲ್ಟಿ ಸ್ಪಾಟ್ ಸುತ್ತ, ಗೋಲಿನಿಂದ 11 ಮೀಟರ್‌ನಲ್ಲಿ ಇರಬೇಕು. ಮುಂದಿನ ಪಂದ್ಯದಲ್ಲಿ ಇಪ್ಪತ್ತು ನಿಮಿಷ ಚೆಂಡು ಬಿಟ್ಟು ಅವನನ್ನೇ ಗಮನಿಸಿ.