ಎಸ್ಸೆಸ್ಸೆಲ್ಸಿ ಆದ್ಮೇಲೆ ಶಾಲೆಯವರು ಏನು ಮಾಡ್ತಾರೆ?

ಅಕ್ಕಾ, ನಿಮ್ಮ ತಮ್ಮ ಮೀನುಗಾರಿಕೆ ಬೋಟಿಗೆ ಹೋಗ್ತಾನೆ, ಅವನ ಮಗಳು ಹತ್ತನೇ ಕ್ಲಾಸು, ಮುಂದೆ ಓದಿಸೋಕೆ ಹೈಸ್ಕೂಲಿನವರು ಸಹಾಯ ಮಾಡ್ತಾರಾ ಅಂತ ಕೇಳಿದ್ದೀರಿ. ದುಡ್ಡು ಶಾಲೆ ಕೊಡುವುದಿಲ್ಲ, ಆದರೆ ದುಡ್ಡು ಬರೋ ದಾರಿ ಅಲ್ಲಿಂದಲೇ ಶುರು.

ಈಗಲೇ ಕ್ಲಾಸ್ ಟೀಚರ್ ಹತ್ತಿರ ಹೋಗಿ ಶಾಲೆಯ ದಾಖಲೆ, ಆಧಾರ್, ನಾಡಕಚೇರಿಯ ಜಾತಿ-ಆದಾಯ ಪತ್ರ ತಾಳೆ ನೋಡಿ. ಹೆಸರು ಒಂದರಲ್ಲಿ ಹರಿಕಂತ್ರ, ಇನ್ನೊಂದರಲ್ಲಿ ಹರಿಕಾಂತ ಅಂತಿದ್ದರೆ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಹೆಸರು ತಿದ್ದಿಸೋದು ಬರೀ ಅಲೆದಾಟ. ಹುಡುಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿ.

ಪಿಯುಸಿ ಒಂದೇ ದಾರಿ ಅಲ್ಲ, ಇದನ್ನ ಶಾಲೆಗಳು ಸರಿಯಾಗಿ ಹೇಳೋದೇ ಇಲ್ಲ. ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಸೀಟು. 3 ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಸೀಟು ಸಿಕ್ಕರೆ ನೇರ ಇಂಜಿನಿಯರಿಂಗ್ 2ನೇ ವರ್ಷಕ್ಕೆ ಸೇರಬಹುದು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿ ಯೋಜನೆ ಇದೆ.

ಫೀಸು ಕಟ್ಟೋ ಹೊತ್ತಿಗೇ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್, ಜೂನ್ 1ರಿಂದ 61 ದಿನ. ಸ್ಕಾಲರ್‌ಶಿಪ್ ಬರೋದು ಆಮೇಲೆ. ಮೇ ತಿಂಗಳೊಳಗೇ ಅಡ್ಮಿಷನ್ ದುಡ್ಡು ತೆಗೆದಿಡೋಕೆ ತಮ್ಮನಿಗೆ ಹೇಳಿ.